ಆ ಬೆರಳು ಹೋದದ್ದು ಬೈಕ್ ಚೈನಿಗಲ್ಲ

ನಿನ್ನೆ ಅಮ್ಮನ ಬಿಪಿ ತೋರಿಸಲು ಹೋಗಿದ್ದೆ. ನಮ್ಮ ದಾವಣಗೆರೆಯದೇ ಒಂದು ಆಸ್ಪತ್ರೆ, ಹೆಸರು ಬೇಡ. ಟೋಕನ್ ತಗೊಂಡು ಕೂತಿದ್ದೆವು. ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ. ಬಲಗೈಗೆ ಟವೆಲ್ ಸುತ್ತಿದ್ದರು, ಟವೆಲ್ ಪೂರ್ತಿ ಕೆಂಪಾಗಿತ್ತು. ತಲೆಗೂದಲಲ್ಲಿ, ಹುಬ್ಬಿನ ಮೇಲೆ ತೌಡಿನ ಪುಡಿ. ನೋಡಿದ ಕೂಡಲೇ ಗೊತ್ತಾಯಿತು, ರೈಸ್‌ಮಿಲ್ಲಿನ ಹುಡುಗ. ಆ ಪುಡಿಯ ವಾಸನೆ ಆರು ವರ್ಷ ನನ್ನ ಸೀರೆಗೂ ಅಂಟಿತ್ತಲ್ಲ, ಮರೆಯೋದು ಹೇಗೆ.

ಜೊತೆಗೆ ಬಂದಿದ್ದ ಮೇಸ್ತ್ರಿ ಅವನ ಕಿವಿ ಹತ್ತಿರ ಬಗ್ಗಿ ಹೇಳುತ್ತಿದ್ದ. "ಡಾಕ್ಟ್ರು ಕೇಳಿದ್ರೆ ಬೈಕ್ ಚೈನು ಅನ್ನು. ಚೈನ್ ಒರೆಸ್ತಿದ್ದೆ, ಸಿಕ್ಕಾಕ್ಕೊಂತು ಅನ್ನು. ಮಿಲ್ಲು ಅಂದ್ರೆ ಪೊಲೀಸು ಅದು ಇದು ಅಂತ ಅಲೆದಾಟ. ಸಾಹುಕಾರ್ರು ಹತ್ತು ಸಾವಿರ ಕೊಡ್ತಾರೆ, ಸುಮ್ನಿರು."

ಹುಡುಗ ತಲೆ ಆಡಿಸಿದ. ಒಳಗೆ ಕರೆದರು. ಬಾಗಿಲು ಅರ್ಧ ತೆರೆದಿತ್ತು. "ಬೈಕ್ ಚೈನು ಸಾರ್" ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಡ್ಯೂಟಿ ಡಾಕ್ಟರು ಬರೆದುಕೊಂಡರು.

ತೋರುಬೆರಳು ಬುಡದವರೆಗೆ ಹೋಗಿತ್ತು. ಧಾನ್ಯ ಮೇಲಕ್ಕೆತ್ತುವ ಎಲಿವೇಟರ್ ಬೆಲ್ಟಿಗೆ ಸಿಕ್ಕಿದ್ದು. ಇದನ್ನು ಅವನ ತಾಯಿ ಆಮೇಲೆ ನನಗೆ ಹೇಳಿದರು. ಅವನಿಗೆ ಇಪ್ಪತ್ತೆರಡು ವರ್ಷ ಅಂತಲೂ ಹೇಳಿದರು.

ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಕೆಲಸದ ಜಾಗದಲ್ಲಿ ಪೆಟ್ಟಾದರೆ ಅದನ್ನು ಸರಕಾರಕ್ಕೆ ತಿಳಿಸಬೇಕು ಅಂತ ಕಾನೂನಿದೆ. ಹೊಸದೇನಲ್ಲ, 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು, 88ನೇ ಸೆಕ್ಷನ್. ಈಗ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ 2020ರಲ್ಲಿ ಪಾಸಾದದ್ದು, 2025ರ ನವೆಂಬರ್ 21ರಿಂದ ಜಾರಿ. ಎರಡರಲ್ಲೂ ಒಂದೇ ಮಾತು. ಸಾವಾದರೆ ತಿಳಿಸಬೇಕು. ಇಲ್ಲವೇ ಪೆಟ್ಟಾದವನು 48 ಗಂಟೆ ಕೆಲಸ ಮಾಡಲಾಗದೆ ಹೋದರೆ ತಿಳಿಸಬೇಕು. ಯಾರು ತಿಳಿಸಬೇಕು? ಮಾಲೀಕ, ಇಲ್ಲವೇ ಮ್ಯಾನೇಜರ್.

ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಪೆಟ್ಟಿನ ಲೆಕ್ಕ ಬರೆಯುವ ಪೆನ್ನನ್ನು ಯಾರ ಕೈಗೆ ಕೊಟ್ಟಿದ್ದೇವೆ ನೋಡಿ. ಬರೆದರೆ ಯಾರಿಗೆ ನಷ್ಟವೋ ಅವರ ಕೈಗೇ ಕೊಟ್ಟಿದ್ದೇವೆ. ಬೆರಳು ಕಳೆದುಕೊಂಡವನ ಮಾತಿಗೆ ಅಲ್ಲಿ ಜಾಗವೇ ಇಲ್ಲ.

48 ಗಂಟೆಯನ್ನು ಹೇಗೆ ದಾಟಿಸುತ್ತಾರೆ ಅಂತ ನಿಮಗೆ ಗೊತ್ತಾ? ನನಗೆ ಗೊತ್ತು, ಚೆನ್ನಾಗಿಯೇ ಗೊತ್ತು. ಹಳೆಯ ಸ್ನೇಹಿತರಿಗೆ ನೆನಪಿರಬಹುದು, ಮದುವೆಗೆ ಮುಂಚೆ ನಾನು ಒಂದು ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ಒಬ್ಬರ ಅಂಗೈ ಜಜ್ಜಿಹೋಯಿತು. ಅವರನ್ನು ಅಣ್ಣಾ ಅಂತಲೇ ಕರೆಯುತ್ತಿದ್ದೆ. ಮಾರನೇ ದಿನ ಬೆಳಗ್ಗೆ ಮನೆಯಿಂದ ಆಟೋದಲ್ಲಿ ಕರೆಸಿದರು. ತೂಕದ ಕಾಟಾ ಪಕ್ಕ ಒಂದು ಸ್ಟೂಲ್ ಹಾಕಿ ಕೂರಿಸಿದರು. ಕೈಗೆ ಬ್ಯಾಂಡೇಜು, ಮೈಯಲ್ಲಿ ಜ್ವರ. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಮೂರು ದಿನ ಹೀಗೆ ನಡೆಯಿತು. ಕೆಲಸಕ್ಕೆ ಬಂದ ಮೇಲೆ 48 ಗಂಟೆಯ ಮಾತೆಲ್ಲಿ? ಅಪಘಾತವೇ ಆಗಿಲ್ಲ ಅಂತಾಯಿತು. ನಾಲ್ಕನೇ ದಿನದಿಂದ ಅವರು ಬರಲಿಲ್ಲ. ಹದಿನೈದು ದಿನ 'ಸ್ವಂತ ರಜೆ'.

ಹಾಜರಿ ಪುಸ್ತಕದಲ್ಲಿ ಅದನ್ನು ಬರೆದದ್ದು ನಾನು. 'ಹಾಜರು' ಅಂತ ಮೂರು ಸಲ, 'ಸ್ವಂತ ರಜೆ' ಅಂತ ಹದಿನೈದು ಸಲ. ನನ್ನ ಕೈಯಕ್ಷರ. ಯಾರೂ ಗದರಿಸಿ ಬರೆಸಲಿಲ್ಲ. ಎಲ್ಲರೂ ಹೀಗೇ ಬರೆಯುತ್ತಾರೆ ಅಂದುಕೊಂಡು ಬರೆದೆ. ಈ ಮಾತನ್ನು ಇವತ್ತಿನವರೆಗೆ ಮನೆಯಲ್ಲೂ ಹೇಳಿರಲಿಲ್ಲ. ನಿನ್ನೆ ಆ ಡಾಕ್ಟರು ಬರೆದುಕೊಳ್ಳುವುದನ್ನು ನೋಡಿದಾಗ ನನ್ನ ಕೈಯೇ ನೆನಪಾಯಿತು.

ಇನ್ನು ಆ ಹತ್ತು ಸಾವಿರದ ವಿಷಯ. ಕೈ ಹೋದರೆ ದುಡಿಯುವ ಶಕ್ತಿ ಎಷ್ಟು ಹೋಯಿತು, ಬೆರಳು ಹೋದರೆ ಎಷ್ಟು ಹೋಯಿತು ಅಂತ ಪರಿಹಾರದ ಕಾನೂನಿನಲ್ಲಿ ಒಂದು ಪಟ್ಟಿಯೇ ಇದೆ. 1923ರ ಕಾಯ್ದೆಯಿಂದ ಬಂದ ಪಟ್ಟಿ. ಹೆಬ್ಬೆರಳಿಗೆ ಶೇ. 30, ಪೂರ್ತಿ ತೋರುಬೆರಳಿಗೆ ಶೇ. 14. ತಿಂಗಳ ಸಂಬಳದ ಶೇ. 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ಇಪ್ಪತ್ತೆರಡು ವರ್ಷದವನಿಗೆ ಆ ಅಂಕಿ 221.37. ತಿಂಗಳಿಗೆ 15,000 ಸಂಬಳ ಅಂತ ಹಿಡಿದು ರಾತ್ರಿ ಕೂತು ಲೆಕ್ಕ ಹಾಕಿದೆ. 9,000 ಗುಣಿಸು 221.37, ಅದರಲ್ಲಿ ಶೇ. 14. ಬಂದದ್ದು ಸುಮಾರು 2 ಲಕ್ಷ 79 ಸಾವಿರ ರೂಪಾಯಿ. ಇಎಸ್‌ಐ, ಅಂದರೆ ಕಾರ್ಮಿಕರ ಸರಕಾರಿ ವಿಮೆ, ಇದ್ದಿದ್ದರೆ ದಾರಿ ಬೇರೆ, ಅಲ್ಲಿ ಪಿಂಚಣಿಯ ಹಾಗೆ ತಿಂಗಳು ತಿಂಗಳು ಬರುತ್ತೆ. ಆದರೆ ಈ ಹುಡುಗನಿಗೆ ಇಎಸ್‌ಐ ಕಾರ್ಡೇ ಇಲ್ಲ.

2 ಲಕ್ಷ 79 ಸಾವಿರದ ಜಾಗದಲ್ಲಿ ಹತ್ತು ಸಾವಿರ. ಬೈಕ್ ಚೈನು ಅನ್ನುವ ಎರಡೇ ಪದಕ್ಕೆ ಉಳಿದ ದುಡ್ಡೆಲ್ಲ ಹೋಯಿತು.

ಅಪ್ಪನ ವಿಷಯ ಇಲ್ಲಿ ಹೇಳಲೇಬೇಕು. ಅಪ್ಪ ಕಾಟನ್ ಮಿಲ್ಲಿನಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ. ಸೈರನ್ ಕೂಗಿದರೆ ಅರ್ಧ ಊರು ಎದ್ದು ನಡೆಯುತ್ತಿತ್ತು. ಅಪ್ಪನಿಗೆ ಕೆಮ್ಮು ಇತ್ತು. ಅದರಲ್ಲೊಂದು ವಿಚಿತ್ರ. ರಜೆಯ ದಿನ ಆರಾಮಾಗಿರುತ್ತಿದ್ದರು, ರಜೆ ಮುಗಿಸಿ ಮಿಲ್ಲಿಗೆ ಹೋದ ಮೊದಲನೇ ದಿನ ಸಂಜೆ ಎದೆ ಬಿಗಿದುಕೊಳ್ಳುತ್ತಿತ್ತು. ಅಮ್ಮ ಸೋಮವಾರ ಸಂಜೆ ಮೊದಲೇ ಬಿಸಿನೀರು ಕಾಯಿಸಿ ಇಡುತ್ತಿದ್ದರು. 'ಸೋಮವಾರದ ಉಬ್ಬಸ' ಅಂತಲೇ ನಮ್ಮ ಮನೆಯಲ್ಲಿ ಹೆಸರು. ಬೀಡಿ ಜಾಸ್ತಿ ಆಯ್ತು ಅಂತ ಅಜ್ಜಿ ಬೈಯುತ್ತಿದ್ದರು.

ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಅದಕ್ಕೆ ಬಿಸ್ಸಿನೋಸಿಸ್ ಅಂತ ಹೆಸರಿದೆ. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ. ರಜೆಯ ಮರುದಿನ ಎದೆ ಬಿಗಿಯುವುದೇ ಅದರ ಗುರುತು. ಕಾಯಿಲೆ ಫ್ಯಾಕ್ಟರಿ ಕಾಯ್ದೆಯ ಮೂರನೇ ಪಟ್ಟಿಯಲ್ಲೂ ಇತ್ತು. ಆ ಪಟ್ಟಿಯ ಕಾಯಿಲೆ ಕಂಡರೆ ನೋಡಿದ ಡಾಕ್ಟರೂ ಇಲಾಖೆಗೆ ಬರೆದು ತಿಳಿಸಬೇಕು ಅಂತ ಕಾನೂನು. ಅಪ್ಪನನ್ನು ನೋಡಿದ ಡಾಕ್ಟರುಗಳು ಸಿರಪ್ ಬರೆದರು, ಇಂಜೆಕ್ಷನ್ ಬರೆದರು. ಅಪ್ಪನಿಗೆ ಏನು ಕೆಲಸ ಅಂತ ಒಬ್ಬರೂ ಕೇಳಲಿಲ್ಲ. ಅಮ್ಮ ನಿನ್ನೆಯೂ ಅದನ್ನೇ ಹೇಳಿದರು, "ನಿಮ್ಮಪ್ಪಂದು ಬೀಡಿ ಕೆಮ್ಮಲ್ಲ ಅಂತ ಯಾರಾದ್ರೂ ಆವಾಗ್ಲೇ ಹೇಳಿದ್ರೆ ನಾನು ಅಷ್ಟು ಜಗಳ ಆಡ್ತಿರ್ಲಿಲ್ಲ" ಅಂತ. ಮಿಲ್ಲುಗಳು ಮುಚ್ಚಿದವು. ಎಷ್ಟು ಜನರ ಎದೆಯಲ್ಲಿ ಆ ಹತ್ತಿ ಉಳಿಯಿತು ಅಂತ ನಮ್ಮೂರಲ್ಲಿ ಲೆಕ್ಕವೇ ಇಲ್ಲ.

ಬರೆಯದಿದ್ದರೆ ಬರೀ ಪರಿಹಾರ ತಪ್ಪುವುದಲ್ಲ. ಒಂದು ಬೆಲ್ಟ್ ಒಂದು ಬೆರಳು ತಿಂದರೆ ಅಕಸ್ಮಾತ್ ಅನ್ನಬಹುದು. ಅದೇ ಥರದ ಬೆಲ್ಟು ನಾಲ್ಕು ಮಿಲ್ಲುಗಳಲ್ಲಿ ಬೆರಳು ತಿಂದಿದ್ದರೆ ಅದು ಬೆಲ್ಟಿನ ದೋಷ, ಅದಕ್ಕೆ ಕಬ್ಬಿಣದ ಜಾಲರಿ ಹಾಕಿಲ್ಲದ ದೋಷ. ಆದರೆ ನಾಲ್ಕೂ ಕಡೆ ಬೈಕ್ ಚೈನು ಅಂತ ಬರೆದಿದ್ದರೆ ಯಾರಿಗೆ ಗೊತ್ತಾಗಬೇಕು? ಐದನೆಯ ಹುಡುಗ ಅದೇ ಬೆಲ್ಟಿನ ಪಕ್ಕ ನಾಳೆ ನಿಲ್ಲುತ್ತಾನೆ.

ನನ್ನ ಚಿಕ್ಕಪ್ಪನ ಮಗ ಸಣ್ಣ ಯೂನಿಟ್ ನಡೆಸುತ್ತಾನೆ. ಒಳ್ಳೆಯವನು, ಕೆಲಸದವರ ಜೊತೆಗೇ ಊಟ ಮಾಡುವವನು. ನಿನ್ನೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಕ್ಕಾ, ಒಂದು ರಿಪೋರ್ಟ್ ಕೊಟ್ರೆ ಇನ್ಸ್‌ಪೆಕ್ಟರ್ ಬಂದು ಹತ್ತು ತಪ್ಪು ಹುಡುಕ್ತಾರೆ. ಸಣ್ಣವ್ರು ಬದುಕ್ಬೇಕೋ ಬೇಡ್ವೋ?" ಅಂದ. ಅವನ ಭಯ ಸುಳ್ಳಲ್ಲ. ಇಲಾಖೆಯವರು ಬಂದರೆ ಎದೆ ಹೊಡೆದುಕೊಳ್ಳುವುದನ್ನು ನಾನೂ ಆ ಮಿಲ್ಲಿನ ಆಫೀಸಿನಲ್ಲಿ ನೋಡಿದ್ದೇನೆ. ಆದರೂ ನನಗೆ ಒಪ್ಪಿಗೆ ಆಗಲಿಲ್ಲ. ಮಿಲ್ಲಿನಲ್ಲಿ ಒಂದು ಚೀಲ ಅಕ್ಕಿ ಕಾಲು ಕೆಜಿ ಕಮ್ಮಿ ಬಂದರೆ ಬರೆದಿಡುತ್ತಾರೆ. ಎಷ್ಟು ತೌಡು ಹೋಯಿತು, ಎಷ್ಟು ಹೊಟ್ಟು ಹೋಯಿತು, ಯಾವ ಲಾರಿಗೆ ಹೋಯಿತು, ಎಲ್ಲ ಬರೆಯುತ್ತಾರೆ. ನಾನೇ ಬರೆದಿದ್ದೇನೆ. ಅಷ್ಟೆಲ್ಲ ಬರೆಯುವ ಜಾಗದಲ್ಲಿ ಒಂದು ಬೆರಳು ಬರೆಯುವುದು ಹೊರೆ ಆಗುತ್ತಾ? ಇನ್ಸ್‌ಪೆಕ್ಟರ್ ದುಡ್ಡು ಕೇಳಿದರೆ ಅದು ಇನ್ಸ್‌ಪೆಕ್ಟರ್ ಮೇಲಿನ ದೂರು. ಅದಕ್ಕೆ ಈ ಹುಡುಗ ಯಾಕೆ ಸುಳ್ಳು ಹೇಳಬೇಕು?

ಈಗ ವಿಧಾನಸೌಧದ ಮಾತು. ಹೊಸ ಸಂಹಿತೆ ಕೇಂದ್ರದ್ದು, ನಿಜ. ಆದರೆ ಅದರಡಿ ವಿವರದ ನಿಯಮ ಬರೆಯುವ ಅಧಿಕಾರ ರಾಜ್ಯಕ್ಕಿದೆ. ಆ ನಿಯಮಗಳನ್ನು ವಿಧಾನಮಂಡಲದ ಮುಂದೆ ಇಡಬೇಕು. ಸಂಹಿತೆಯ 10ನೇ ಸೆಕ್ಷನ್ ಓದಿ. ಸಾವು, 48 ಗಂಟೆ ಎರಡೂ ಹೇಳಿದ ಮೇಲೆ ಇನ್ನೊಂದು ಸಣ್ಣ ಮಾತಿದೆ. ಸರಕಾರ ನಿಗದಿ ಮಾಡಿದಂಥ ಪೆಟ್ಟಾದರೂ ತಿಳಿಸಬೇಕು ಅಂತ. ಇಷ್ಟು ಸಾಕಲ್ವಾ? ಬೆರಳು ಹೋದರೆ, ಕಣ್ಣು ಹೋದರೆ, ಸುಟ್ಟು ಆಸ್ಪತ್ರೆ ಸೇರಿದರೆ, 48 ಗಂಟೆ ಎಣಿಸದೆ ಅವತ್ತೇ ತಿಳಿಸಬೇಕು ಅಂತ ನಮ್ಮ ರಾಜ್ಯ ಬರೆಯಬಹುದು. ಅಮೆರಿಕದಲ್ಲಿ 2015ರಿಂದ ಹೀಗೇ ಇದೆ. ಬೆರಳ ತುದಿ ತುಂಡಾದರೂ 24 ಗಂಟೆಯೊಳಗೆ ತಿಳಿಸಬೇಕು. ಹತ್ತು ಜನರಿಗಿಂತ ಕಡಿಮೆ ಇರುವ ಸಣ್ಣ ಜಾಗಗಳಿಗೂ ಆ ನಿಯಮ ಉಂಟು. ಅಲ್ಲೂ ಮುಚ್ಚಿಡುವವರು ಇದ್ದಾರೆ. ಆದರೆ ಮುಚ್ಚಿಟ್ಟದ್ದು ತಪ್ಪು ಅಂತಾದರೂ ಕಾನೂನು ಹೇಳುತ್ತೆ.

ರಾಜ್ಯದ ಕೈಯಲ್ಲಿ ಏನಿದೆ ಅಂತ ಕೇಳಬೇಡಿ. 2023ರ ಫೆಬ್ರವರಿಯಲ್ಲಿ ಇದೇ ವಿಧಾನಮಂಡಲ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ಮಾಡಿತು. ದಿನಕ್ಕೆ ಹನ್ನೆರಡು ಗಂಟೆವರೆಗೆ ದುಡಿಸಬಹುದು ಅಂತ ಬರೆಯಿತು. ಹನ್ನೆರಡನೇ ಗಂಟೆಯಲ್ಲಿ ಬೆಲ್ಟಿನ ಪಕ್ಕ ನಿಂತವನ ಕಣ್ಣು ಹೇಗಿರುತ್ತೆ ಅಂತ ಒಂದು ಸಲ ಬಂದು ನೋಡಲಿ. ಅವತ್ತು 88ನೇ ಸೆಕ್ಷನ್ ಯಾರ ಕಣ್ಣಿಗೂ ಬೀಳಲಿಲ್ಲ. ಗಂಟೆ ಹೆಚ್ಚಿಸಿದವರು ಪೆಟ್ಟಿನ ಲೆಕ್ಕವನ್ನು ಮುಟ್ಟಲಿಲ್ಲ.

ಮತ್ತೆ ನಮ್ಮ ಮಂಡಕ್ಕಿ ಭಟ್ಟಿಗಳು. ಊರಿನ ಹೆಸರು ಹೇಳಿದರೆ ಬೆಣ್ಣೆ ದೋಸೆಯ ಜೊತೆ ಮಂಡಕ್ಕಿ ನೆನೆಯುತ್ತೇವೆ. ಆ ಮಂಡಕ್ಕಿ ಹುರಿಯುವ ಮರಳು ಎಷ್ಟು ಕಾದಿರುತ್ತೆ ಅಂತ ಭಟ್ಟಿಯ ಮುಂದೆ ಐದು ನಿಮಿಷ ನಿಂತರೆ ಗೊತ್ತಾಗುತ್ತೆ. ಮುಂಗೈ ಮೇಲೆ ಸುಟ್ಟ ಕಲೆ ಇಲ್ಲದ ಭಟ್ಟಿಯವರನ್ನು ನಾನು ನೋಡಿಲ್ಲ. ಎಷ್ಟೋ ಭಟ್ಟಿಗಳಲ್ಲಿ ನಾಲ್ಕೈದು ಜನ, ಮಾಲೀಕನೂ ಅವರ ಜೊತೆಗೇ ಬೇಯುತ್ತಾನೆ. ಹತ್ತು ಜನ ಇಲ್ಲದಿದ್ದರೆ ಸಂಹಿತೆಯ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಯಂತ್ರ ಇರುವ ಫ್ಯಾಕ್ಟರಿ ಅನ್ನಲು ಮೊದಲು ಹತ್ತು ಜನ ಸಾಕಿತ್ತು, ಈಗ ಇಪ್ಪತ್ತು ಬೇಕು. ಸುಟ್ಟ ಕೈಗೆ ಪಕ್ಕದಲ್ಲಿ ಎಷ್ಟು ಜನ ಇದ್ದರು ಅನ್ನುವುದು ಯಾಕೆ ಮುಖ್ಯವಾಗಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಅದಕ್ಕೇ ನನ್ನ ಬೇಡಿಕೆ ಒಂದೇ. ಆ ಪೆನ್ನು ಬರೀ ಮಾಲೀಕನ ಕೈಯಲ್ಲಿ ಬೇಡ. ಕಾಯಿಲೆಯ ವಿಷಯದಲ್ಲಿ ಡಾಕ್ಟರಿಗೆ ಹೊಣೆ ಕೊಟ್ಟ ಹಾಗೆ ಪೆಟ್ಟಿನ ವಿಷಯದಲ್ಲೂ ಕೊಡಲಿ. ಕೇಸ್ ಶೀಟಿನಲ್ಲಿ 'ಯಾವ ಕೆಲಸ, ಎಲ್ಲಿ ಕೆಲಸ' ಅಂತ ಒಂದು ಸಾಲು ಇರಲಿ. ಮೇಸ್ತ್ರಿಯನ್ನು ಹೊರಗೆ ಕಳಿಸಿ ಆಮೇಲೆ ಕೇಳಲಿ. ಪೆಟ್ಟಾದವನೇ, ಇಲ್ಲವೇ ಅವನ ಮನೆಯವರೇ ನೇರವಾಗಿ ತಿಳಿಸಿದರೆ ಅದನ್ನೂ ಅಪಘಾತದ ವರದಿ ಅಂತಲೇ ತಗೊಳ್ಳಲಿ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಶಾಸಕರಿಗೆ ಇದನ್ನು ಪತ್ರದಲ್ಲಿ ಬರೆದು ಕಳಿಸುತ್ತಿದ್ದೇನೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಕೆಲಸ ಮಾಡಿದವರು ನನ್ನ ಸ್ನೇಹಿತರಲ್ಲಿ ಇದ್ದೀರಿ. ನಿಮ್ಮ ಹತ್ತಿರವೂ ಇಂಥದ್ದು ಇದ್ದೇ ಇರುತ್ತೆ, ಬರೆಯಿರಿ. ಮಿಲ್ಲಿನ ಹೆಸರು ಬೇಡ, ಏನಾಯಿತು ಅನ್ನುವುದು ಸಾಕು.

ನಿನ್ನೆ ಹೊರಡುವಾಗ ಹುಡುಗನ ತಾಯಿಗೆ ಪರಿಹಾರದ ಕಾನೂನಿನ ವಿಷಯ ಹೇಳಿ ನನ್ನ ನಂಬರ್ ಕೊಟ್ಟು ಬಂದಿದ್ದೆ. ಇವತ್ತು ಮಧ್ಯಾಹ್ನ ಫೋನ್ ಬಂತು. ಆ ಕಡೆ ಹುಡುಗನೇ ಇದ್ದ.

"ಅಕ್ಕಾ, ಚೈನು ಅಂತ ಬರೆಸಿಬಿಟ್ಟಿದೀನಲ್ಲ. ಈಗ ಹೇಳಿದ್ರೆ ನಂಬ್ತಾರಾ?"

ಜೊತೆಯಲ್ಲಿ ಇದ್ದವರು ಯಾರು ಅಂತ ಕೇಳಿದೆ. ಇಬ್ಬರ ಹೆಸರು ಹೇಳಿದ. ಆ ಟವೆಲ್ ಒಗೆಯಬೇಡ, ತೌಡು ಮೆತ್ತಿದ ಅಂಗಿಯನ್ನೂ ಹಾಗೇ ಇಡು ಅಂದೆ. ಸೋಮವಾರ ಬೆಳಗ್ಗೆ ಹತ್ತೂವರೆಗೆ ಲೇಬರ್ ಆಫೀಸಿಗೆ ಅವನು, ಅವನ ತಾಯಿ, ನಾನು ಹೋಗುತ್ತಿದ್ದೇವೆ. ಈ ವಿಷಯ ಗೊತ್ತಿರುವ ವಕೀಲರು ಯಾರಾದರೂ ಇದ್ದರೆ ಇವತ್ತೇ ನನಗೆ ಮೆಸೇಜ್ ಮಾಡಿ. ಅರ್ಜಿ ಬರೆಯಬೇಕು. ಅವನಿಗೆ ಈಗ ಪೆನ್ನು ಹಿಡಿಯಲು ಆಗಲ್ಲ, ನಾನು ಬರೆಯುತ್ತೇನೆ.