ಎದುರು ಗೋಡೆಯ ಕೌದಿ

ಹಳೆಯ ಗ್ರಾಮೋಫೋನ್ ಪ್ಲೇಟಿನ ದನಿಯೇ ದನಿ, ಈಗಿನದೆಲ್ಲ ಅದರ ಜೆರಾಕ್ಸು ಅನ್ನುವವರು ವಿಜಯಪುರದಲ್ಲಿ ಓಣಿಗೊಬ್ಬರು ಸಿಗುತ್ತಾರೆ. ನಮ್ಮ ಓಣಿಯ ಕಾಕಾ ಪ್ಲೇಟನ್ನು ಅಂಚು ಹಿಡಿದೇ ಎತ್ತುತ್ತಾರೆ. ಮೆತ್ತನೆ ಬಟ್ಟೆಯಿಂದ ಒರೆಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸುತ್ತಾರೆ. ಮೊದಲು ಕರಕರ, ಆಮೇಲೆ ತಂಬೂರಿ. 'ಕೇಳ್ರಿ, ಹೆಂಗ್ ಜೀವಂತ ಐತಿ!' ಕರಕರವೂ ಜೀವಂತ ಇದೆ ಕಾಕಾ ಅನ್ನೋ ಧೈರ್ಯ ನನಗಿಲ್ಲ.

ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಕಾಲದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಗೆ ಮೂರು ನಿಮಿಷ, ಅಷ್ಟರಲ್ಲೇ ಹಾಡು ಮುಗಿಯಬೇಕು. 1948ರಲ್ಲಿ ಎಲ್‌ಪಿ, ಅಂದರೆ ಲಾಂಗ್ ಪ್ಲೇ ಪ್ಲೇಟು ಬಂತು, ಬದಿಗೆ ಇಪ್ಪತ್ತು ನಿಮಿಷ ದಾಟಿತು. ಆದರೆ ಮುಳ್ಳು ಹೊರಗಿಂದ ಒಳಗೆ ಸಾಗುತ್ತದೆ, ಪ್ಲೇಟಿನ ಒಳಸುತ್ತು ಚಿಕ್ಕದು. ಅಷ್ಟೇ ಹೊತ್ತಿಗೆ ಮುಳ್ಳಿನಡಿ ಹಾಯುವ ಗೆರೆ ಕಡಿಮೆ, ಹಾಗಾಗಿ ಸಣ್ಣ ಸಣ್ಣ ಸ್ವರ ಕಲಸಿಹೋಗುತ್ತವೆ. ತಮಾಷೆ ನೋಡಿ, ನಮ್ಮ ಹಿಂದೂಸ್ತಾನಿ ಗಾಯನದ ಖ್ಯಾಲು ನಿಧಾನಕ್ಕೆ ಶುರುವಾಗಿ ದ್ರುತ್ ತಾನುಗಳಲ್ಲಿ, ಅಂದರೆ ಸರಸರ ಓಡುವ ಸ್ವರಗಳ ಸಾಲಿನಲ್ಲಿ ಮುಗಿಯುತ್ತದೆ. ಅಂದರೆ ಗಾಯಕ ಓಡುವ ಹೊತ್ತಿಗೆ ಸರಿಯಾಗಿ ಪ್ಲೇಟು ಕುಂಟುತ್ತದೆ!

1982ರಲ್ಲಿ ಬಂದ ಸಿಡಿಗೆ ಈ ತೊಂದರೆ ಇಲ್ಲ. ಅದು ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆದಿಟ್ಟಿರುತ್ತದೆ. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದರ ದುಪ್ಪಟ್ಟಿಗಿಂತ ಜಾಸ್ತಿ ಅಳೆದರೆ ಸಾಕು, ಪೂರ್ತಿ ಅಲೆ ವಾಪಸ್ ಸಿಗುತ್ತದೆ. ಸಿಡಿಯ ದನಿ ನಡುವೆ ತುಂಡು ತುಂಡಾಗಿರುತ್ತದೆ ಅನ್ನೋದು ಸುಳ್ಳು. ಡಿಜಿಟಲ್ ದನಿಗೆ ಕೆಟ್ಟ ಹೆಸರು ತಂದಿದ್ದು ಹಿಂಡಿ ಚಿಕ್ಕದು ಮಾಡಿದ ಎಂಪಿ3 ಫೈಲು. ಅದನ್ನು ಜಾಸ್ತಿ ಹಿಂಡಿದರೆ ತಂಬೂರಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ.

ಇಷ್ಟೆಲ್ಲ ಜಗಳ ಆಡುವ ನಾವು ಕೋಣೆಯನ್ನೇ ಮರೆಯುತ್ತೇವೆ, ಅಲ್ವಾ? ಗೋಳಗುಮ್ಮಟ ಇರುವ ಊರಿನವರಿಗೆ ಇದನ್ನು ಹೇಳಿಕೊಡಬೇಕೇ? ಅಲ್ಲಿ ಮೇಲೆ ಒಂದು ಚಪ್ಪಾಳೆ ತಟ್ಟಿದರೆ ಏಳು ಸಲ, ಇನ್ನೂ ಹೆಚ್ಚು ಸಲ ಮರಳಿ ಬರುತ್ತದೆ. ಎಂಥ ದುಬಾರಿ ಪ್ಲೇಯರ್ ಇಟ್ಟರೂ ಅಲ್ಲಿ ಗಾಯಕನ ತಾನು ತಾನಾಗಿ ಉಳಿಯುವುದಿಲ್ಲ. ಈಗಿನ ನಮ್ಮ ಹಾಲ್‌ಗಳೂ ಸಣ್ಣ ಗುಮ್ಮಟಗಳೇ. ಬೋಳು ಗೋಡೆ, ನುಣುಪು ಟೈಲ್ಸು, ಮೇಲೆ ಸ್ಲ್ಯಾಬು. ಕಾಕಾನ ಪಡಸಾಲೆಯಲ್ಲಾದರೆ ಜಮಖಾನ, ಲೋಡು, ಮೂಲೆ ತುಂಬ ಕೌದಿಗಳ ಒಟ್ಟು. ಅವರ ಪ್ಲೇಟಿನ ಅರ್ಧ ಸೊಗಸು ಅದರದ್ದೇ ಅಂತ ನನ್ನ ಗುಮಾನಿ.

ಹಾಗಾಗಿ ಹೊಸ ಸ್ಪೀಕರ್ ಕೊಳ್ಳದೆ ಎದುರು ಗೋಡೆಗೆ ಎರಡು ಕೌದಿ ಇಳಿಬಿಟ್ಟೆ. ದನಿ ನಿಜಕ್ಕೂ ತಿಳಿಯಾಯಿತು. ಮೊನ್ನೆ ಬಂದ ಬೀಗರು ಸ್ವಲ್ಪ ಹೊತ್ತು ಅದನ್ನೇ ನೋಡಿ, 'ಹೊರಗ ಬಿಸಿಲಿಗೆ ಹಾಕ್ರೆಲಾ, ಲಗೂನ ಒಣಗ್ತಾವ' ಅಂದರು.