ಮೀಸೆ ಕಿವಿಗೆ ಬಂದ ಚಿತ್ರಗಳು

ಹಳೆಯ ಕಾಲದ ನಟರ ಭಾವಚಿತ್ರ ಬರೆಸಿ, ಅದರ ಮೇಲೆ ಅವರದೇ ಸಹಿ ಹಾಕಿಸಿಕೊಳ್ಳುವ ಹವ್ಯಾಸದಲ್ಲಿ ಕಷ್ಟವೆಲ್ಲ ನಟರನ್ನು ಹಿಡಿಯುವುದರಲ್ಲಿದೆ ಅಂದುಕೊಳ್ಳುತ್ತೇವೆ. ನಟರು ಹೇಗೋ ಸಿಗುತ್ತಾರೆ. ಸಿಗದೇ ಇರುವುದು ಸಹಿಗೆ ಜಾಗ.

ಚಿತ್ರಕಾರ ತನ್ನ ಸಹಿಯನ್ನು ಬಲಮೂಲೆಯಲ್ಲಿ ಇಸವಿ ಸಮೇತ ಆಗಲೇ ಗೀಚಿರುತ್ತಾನೆ. ಎಡಗಡೆ ಪೂರ್ತಿ ಕಪ್ಪು ಕೋಟು. ನಟರು ಪಾಪ, ಅತ್ತಿತ್ತ ನೋಡಿ, ಬಿಳಿಯಾಗಿ ಕಂಡ ಒಂದೇ ಜಾಗವಾದ ತಮ್ಮ ಕೆನ್ನೆಯ ಮೇಲೇ ‘ಶುಭವಾಗಲಿ’ ಎಂದು ಬರೆದುಕೊಡುತ್ತಾರೆ. ಚಿತ್ರ ಬರೆಸುವಾಗಲೇ ಕೆಳಗೆ ಎರಡು ಇಂಚು ಖಾಲಿ ಬಿಡಿಸಿ. ಎರಡು ಅಂದರೆ ಒಂದು ಬಿಡುತ್ತಾರೆ, ಹಾಗಾಗಿ ಮೂರು ಅನ್ನಿ.

ಇದ್ದಿಲಿನಲ್ಲಿ ಬರೆದ ಚಿತ್ರವಾದರೆ ಇನ್ನೊಂದು ಗಂಡಾಂತರ. ಇದ್ದಿಲ ಪುಡಿ ಕಾಗದಕ್ಕೆ ಅಂಟಿರುವುದಿಲ್ಲ, ಸುಮ್ಮನೆ ಅದರ ಮೇಲೆ ಕೂತಿರುತ್ತದೆ. ಮಾರ್ಕರ್ ಮೊನೆ ಆ ಪುಡಿ ತಿಂದು ಮೂರನೇ ಅಕ್ಷರಕ್ಕೇ ಮುಷ್ಕರ ಹೂಡುತ್ತದೆ. ಅಷ್ಟರಲ್ಲಿ ನಟರ ಅಂಗೈ ಅಂಚು ಮೀಸೆಯನ್ನು ಕಿವಿಯ ತನಕ ಎಳೆದು ತಂದಿರುತ್ತದೆ. ಮೊದಲೇ ಫಿಕ್ಸೆಟಿವ್, ಅಂದರೆ ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಸ್ಪ್ರೇ, ಹೊಡೆಯಬೇಕು: ಒಂದಡಿ ದೂರದಿಂದ, ತೆಳ್ಳಗೆ, ಒಂದು ಸಲ ಒಣಗಿದ ಮೇಲೆ ಇನ್ನೊಂದು ಸಲ. ಹತ್ತಿರ ಹಿಡಿದರೆ ಮುಖದ ತುಂಬ ಸಿಡುಬಿನ ಕಲೆ. ದುಡ್ಡು ಉಳಿಸಲು ಹೇರ್‌ಸ್ಪ್ರೇ ಹೊಡೆದವರ ಮನೆಯಲ್ಲಿ ನಾಯಕರಿಗೆ ನಿಧಾನವಾಗಿ ಕಾಮಾಲೆ.

ಕಪ್ಪು ಕೋಟಿನ ಮೇಲೆಯೇ ಸಹಿ ಬೇಕೆಂದರೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್. ಅದನ್ನು ಚೆನ್ನಾಗಿ ಕುಲುಕಿ, ರದ್ದಿ ಕಾಗದದ ಮೇಲೆ ಮೊನೆ ಒತ್ತಿ ಒತ್ತಿ ಬಣ್ಣ ಇಳಿಸಿ, ನಾಲ್ಕು ಗೆರೆ ಎಳೆದು ನೋಡಿ ಆಮೇಲೆ ಕೈಗೆ ಕೊಡಬೇಕು. ಹಾಗೇ ಕೊಟ್ಟರೆ ಅವರು ‘ಬರ್ತಿಲ್ಲವಲ್ಲಪ್ಪಾ’ ಅಂತ ಒಂದು ಸಲ ಜೋರಾಗಿ ಒತ್ತುತ್ತಾರೆ. ಬರುತ್ತದೆ, ಒಂದೇ ಏಟಿಗೆ, ಮೂಗುಬೊಟ್ಟಿನ ಗಾತ್ರದಲ್ಲಿ.

ಹೊಳಪಿನ ಫೋಟೊ ಮೇಲೆ ಬಾಲ್‌ಪೆನ್ ಜಾರುತ್ತದೆ, ಜೆಲ್ ಒಣಗುವುದಿಲ್ಲ. ಪರ್ಮನೆಂಟ್ ಮಾರ್ಕರ್ ಸರಿ. ಆದರೆ ಐದು ನಿಮಿಷ ಮುಟ್ಟಬೇಡಿ. ಖುಷಿಗೆ ತಕ್ಷಣ ಪ್ಲಾಸ್ಟಿಕ್ ಕವರಿಗೆ ತೂರಿಸಿದರೆ ಸಹಿ ಕವರಿಗೆ, ಬರೀ ಫೋಟೊ ನಿಮಗೆ.

ಸಹಿ ಮಾಡಿದ್ದನ್ನೇ ದುಡ್ಡು ಕೊಟ್ಟು ಕೊಳ್ಳುವವರು ಇಸವಿ ಲೆಕ್ಕ ಹಾಕಿ. ಮುತ್ತುರಾಜ್ ಅವರು ರಾಜ್‌ಕುಮಾರ್ ಆದದ್ದು 1954ರ ‘ಬೇಡರ ಕಣ್ಣಪ್ಪ’ದಿಂದ, 1950ರ ತಾರೀಖಿನ ‘ರಾಜ್‌ಕುಮಾರ್’ ಸಹಿ ಸಿಕ್ಕರೆ ಮಾರುವವನಿಗೆ ಕೈಮುಗಿದು ಹೊರಡಿ. ಹಾಲಿವುಡ್‌ನ ಮರ್ಲಿನ್ ಮನ್ರೋ ತೀರಿಕೊಂಡದ್ದು 1962, ಶಾರ್ಪಿ ಮಾರ್ಕರ್ ಹುಟ್ಟಿದ್ದು 1964; ಆ ಮಾರ್ಕರಿನಲ್ಲಿ ಅವರ ಸಹಿ ಸಿಕ್ಕರೂ ಅಷ್ಟೇ. ಹಾಲಿವುಡ್‌ನ ಇನ್ನೊಬ್ಬ ಹಳೆಯ ನಟಿ ಜೀನ್ ಹಾರ್ಲೋ ಹೆಸರಿನ ಎಷ್ಟೋ ಫೋಟೊಗಳಿಗೆ ಸಹಿ ಹಾಕಿದವರು ಅವರ ತಾಯಿ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಸಹಿಯ ಗೆರೆ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಅಚ್ಚಿನದು. ಎರಡು ಚಿತ್ರಗಳ ಸಹಿ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತರೆ ಯಂತ್ರದ್ದೋ ರಬ್ಬರ್ ಸ್ಟಾಂಪಿನದೋ ಇರಬೇಕು. ಬ್ಯಾಂಕಿನಲ್ಲಿ ಸಹಿ ಹೊಂದದಿದ್ದರೆ ತಕರಾರು, ಇಲ್ಲಿ ಹೊಂದಿದರೆ ತಕರಾರು.

ಇಷ್ಟೆಲ್ಲ ದಾಟಿ ಬಂದ ಚಿತ್ರ ಸಾಯುವುದು ಹೆಚ್ಚಾಗಿ ಪ್ರೀತಿಯಿಂದಲೇ. ಲ್ಯಾಮಿನೇಷನ್ ಮಾಡಿಸಿದಿರೋ, ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲಾಗದು. ಸೆಲ್ಲೊಟೇಪಿನ ಗೋಂದು ಹಳದಿಯಾಗಿ ಮುಂದಕ್ಕೂ ಇಣುಕುತ್ತದೆ. ಗಾಜಿಗೆ ತಾಗಿಸಿ ಕಟ್ಟು ಹಾಕಿಸಿದರೆ ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೇ ಅಂಟಿ, ಕಿತ್ತರೆ ಅರ್ಧ ಮುಖ ಅಲ್ಲೇ. ನಡುವೆ ಆಮ್ಲರಹಿತ ರಟ್ಟಿನ ಚೌಕಟ್ಟು (ಮೌಂಟ್ ಬೋರ್ಡು) ಹಾಕಿಸಿ, ಹಿಂದೆ ಹಳೇ ಪೇಪರು ತುರುಕಲು ಬಿಡಬೇಡಿ. ಬಿಸಿಲು ಬೀಳುವ ಗೋಡೆ ಬೇಡ: ಮೊದಲು ಮಾಸುವುದು ಸಹಿಯೇ, ಮುಖವಲ್ಲ.

ಫ್ರೇಮ್ ಅಂಗಡಿಯಲ್ಲಿ ನಿಂತು ಕೆಲಸ ಮಾಡಿಸಿಕೊಳ್ಳಿ. ಅಲ್ಲಿ ಬರುವ ಮುಖಗಳೆಲ್ಲ ಒಂದೋ ದೇವರು, ಇಲ್ಲವೇ ತೀರಿಕೊಂಡವರು. ‘ತಾತ ಯಾವಾಗ ಹೋದ್ರು ಸಾರ್?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಂಧದ ಹಾರದ ಮೊಳೆ ಹೊಡೆಯುತ್ತಾರೆ. ಹಣೆಗೆ ಕುಂಕುಮ ಬೀಳುವ ಮುಂಚೆ ಚಿತ್ರ ಎತ್ತಿಕೊಂಡು ಬನ್ನಿ.