ಶಾಪ ಅಲ್ಲ ಕಣ್ರೋ, ಬಿಸಿಲು

ಬೆಳಗ್ಗೆಯಿಂದ ತಲೆ ಕೆಟ್ಟು ಕೂತಿದೆ. ಬರೆದು ಹಾಕದೇ ಹೋದರೆ ರಾತ್ರಿ ನಿದ್ದೆ ಬರಲ್ಲ.

ಜೂನ್‌ನಲ್ಲಿ ಇಲ್ಲಿ, ಅಮೆರಿಕದ ಅರಿಜೋನಾದ ಸೂಪರ್‌ಸ್ಟಿಷನ್ ಬೆಟ್ಟಗಳ ಕಡೆ, ಬೆಟ್ಟ ಹತ್ತೋ ಚಟ ಇರೋರು ಕತ್ತಲಿರುವಾಗಲೇ ಹತ್ತಿ, ಸೂರ್ಯ ಮೇಲೆ ಬರೋಷ್ಟರಲ್ಲಿ ಇಳಿದುಬಿಡ್ತೀವಿ ಅನ್ನೋದು ನಿಮಗೆ ಗೊತ್ತೇ ಇದೆ. ನಾನು ಪೆರಾಲ್ಟಾ ಟ್ರೇಲ್ ಇಳಿದು ಬಂದಾಗ ಎಂಟೂವರೆ. ಆಗಲೇ ಕಾರಿನ ಬಾಗಿಲು ಮುಟ್ಟಿದರೆ ಚುರ್ ಅನ್ನುತ್ತಿತ್ತು. ಪಕ್ಕದಲ್ಲಿ ನಾಲ್ಕು ಹುಡುಗರು ಗಾಡಿಯಿಂದ ಇಳಿದರು. ನಮ್ಮ ಕಡೆಯವರೇ, ಅಚ್ಚ ಕನ್ನಡ. ಒಬ್ಬನ ಕಾಲಲ್ಲಿ ಚಪ್ಪಲಿ. ಒಬ್ಬೊಬ್ಬರ ಕೈಯಲ್ಲೂ ಅರ್ಧ ಲೀಟರ್ ಬಾಟಲಿ, ಅದರಲ್ಲೊಂದು ಆಗಲೇ ಖಾಲಿ. ಇನ್ನೊಬ್ಬನ ಹತ್ತಿರ ಅಂಚು ಸುಟ್ಟ ಹಾಗೆ ಮಾಡಿ ಹಳೇದು ಅನ್ನಿಸೋ ಥರ ಛಾಪಿಸಿದ ನಕ್ಷೆ. "ಆಂಟಿ, ವೀವರ್ಸ್ ನೀಡಲ್ ಅನ್ನೋ ಆ ಸೂಜಿ ಥರದ ಬಂಡೆಗೆ ಇದೇ ದಾರೀನಾ? ಅಲ್ಲಿ ಡಚ್‌ಮನ್‌ನ ಚಿನ್ನ ಇದೆಯಂತಲ್ಲ, ಹುಡುಕಿದವರು ಶಾಪ ತಟ್ಟಿ ಸಾಯ್ತಾರಂತೆ, ನಿಜಾನಾ?" ಕಣ್ಣು ಮಿಣಮಿಣ.

(ಆಂಟಿ ಅಂದಿದ್ದಕ್ಕೆ ಕೋಪ ಬಂತಾ ಅಂತ ಕೇಳಬೇಡಿ. ಬಂತು.)

ಬೈದು ವಾಪಸ್ ಕಳಿಸಿದೆ. ಆದರೆ ನನ್ನ ಸಿಟ್ಟು ಆ ಮಕ್ಕಳ ಮೇಲಲ್ಲ. ಅವರ ತಲೆಗೆ ಈ "ಶಾಪ" ತುಂಬಿದ ವಿಡಿಯೋ ಮಹಾಶಯರ ಮೇಲೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಜೇಕಬ್ ವಾಲ್ಟ್ಸ್ ಅಂತ ಜರ್ಮನಿಯಿಂದ ಬಂದ ಒಬ್ಬ ಮುದುಕ (ಆಗ ಇಲ್ಲಿ ಜರ್ಮನ್ನರನ್ನೂ ಡಚ್ ಅಂತಿದ್ದರು, ಆ "ಡಚ್‌ಮನ್" ಇವನೇ) 1891ರ ಅಕ್ಟೋಬರ್‌ನಲ್ಲಿ ಫೀನಿಕ್ಸ್‌ನಲ್ಲಿ ತೀರಿಕೊಂಡ. ಸಾಯೋ ಮುಂಚೆ, ಆರೈಕೆ ಮಾಡಿದ ಜೂಲಿಯಾ ಥಾಮಸ್‌ಗೆ ಸೂಪರ್‌ಸ್ಟಿಷನ್ ಬೆಟ್ಟಗಳಲ್ಲಿರೋ ತನ್ನ ಗಣಿಯ ಗುಟ್ಟು ಹೇಳಿದ, ಅವನ ಮಂಚದ ಕೆಳಗೆ ಅದಿರಿನ ಪೆಟ್ಟಿಗೆ ಇತ್ತು ಅಂತ ಪ್ರತೀತಿ. ಬೇಕರಿ ಇಟ್ಟುಕೊಂಡಿದ್ದ ಆ ಹೆಂಗಸು ಮರುವರ್ಷ ಬೇಸಿಗೆಯಲ್ಲೇ ಹುಡುಕಿಕೊಂಡು ಹೋಗಿ, ಕೈಯಲ್ಲಿದ್ದ ದುಡ್ಡೆಲ್ಲ ಕಳಕೊಂಡು ವಾಪಸ್ ಬಂದಳು. ಆಮೇಲೆ ನಕ್ಷೆ ಮಾರಿದಳು ಅಂತ ಹೇಳ್ತಾರೆ. ಆ ಗಣಿಯಿಂದ ನಾಲ್ಕು ಕಾಸು ಕಂಡವರು ಯಾರಾದರೂ ಇದ್ದರೆ ಇಂಥ ನಕ್ಷೆ ಮಾರಿದವರೇ. ಇವತ್ತು ನಕ್ಷೆಯ ಜಾಗಕ್ಕೆ ವಿಡಿಯೋ ಬಂದಿದೆ, ಅಷ್ಟೇ.

ಅಲ್ಲಿಂದ ನಲವತ್ತು ವರ್ಷ ಇದು ಹೆಚ್ಚುಕಮ್ಮಿ ಊರೊಳಗಿನ ಮಾತಾಗೇ ಇತ್ತು. ದೇಶಕ್ಕೆಲ್ಲ ಹಬ್ಬಿದ್ದು ಯಾವಾಗ ಗೊತ್ತಾ? ಒಂದು ಹೆಣ ಬಿದ್ದಾಗ. 1931ರ ಜೂನ್‌ನಲ್ಲಿ ಅಡಾಲ್ಫ್ ರೂತ್ ಅನ್ನೋ, ಕಾಲು ಸರಿ ಇಲ್ಲದ ವಯಸ್ಸಾದ ಮನುಷ್ಯ ನಕ್ಷೆ ಹಿಡಿದು ಒಬ್ಬನೇ ಒಳಗೆ ಹೋದ. ಡಿಸೆಂಬರ್‌ನಲ್ಲಿ ತಲೆಬುರುಡೆ ಸಿಕ್ಕಿತು, ತೂತು ಬಿದ್ದಿತ್ತು. ಗುಂಡೇಟು ಅಂತ ಕೆಲವರು, ಅಲ್ಲ ಅಂತ ಕೆಲವರು, ಪತ್ರಿಕೆಗಳಿಗೆ ಹಬ್ಬ. ಗುಂಡು ಹೊಡೆದಿದ್ದರೆ ಅದು ಕೊಲೆ. ನೀರಿಲ್ಲದೆ ಬಿದ್ದಿದ್ದರೆ ಅದು ಬಾಯಾರಿಕೆ. ಶಾಪ ಎಲ್ಲಿಂದ ಬಂತು ಸ್ವಾಮಿ?

2009ರ ಡಿಸೆಂಬರ್‌ನಲ್ಲಿ ಡೆನ್ವರ್‌ನ ಒಬ್ಬ ಯುವಕ ಇದೇ ಗಣಿ ಹುಡುಕುತ್ತಾ ಕಾಣೆಯಾದ, ಅಸ್ಥಿ ಸಿಕ್ಕಿದ್ದು 2012ರಲ್ಲಿ. 2010ರ ಜುಲೈನಲ್ಲಿ ಯೂಟಾದಿಂದ ಮೂವರು ಬಂದರು. ಜುಲೈ! ಮರುವರ್ಷ ಜನವರಿಯಲ್ಲಿ ಅವರ ಅವಶೇಷ ಸಿಕ್ಕಿತು. ಇವರೆಲ್ಲರ ಮನೆಗಳಲ್ಲೂ ಅಪ್ಪ ಅಮ್ಮ, ಹೆಂಡತಿ ಮಕ್ಕಳು ಇರ್ತಾರಲ್ವಾ? ಅವರ ಸಾವನ್ನ ಡೊಳ್ಳು ಬಾರಿಸೋ ಹಿನ್ನೆಲೆ ಸಂಗೀತ ಹಾಕಿ "ಡಚ್‌ಮನ್ ಮತ್ತೆ ಬಲಿ ತಗೊಂಡ" ಅಂತ ಓಡಿಸ್ತಾರೆ. ಸತ್ತವರು ಹೆಚ್ಚಾದಷ್ಟೂ ಕಥೆಗೆ ತೂಕ, ತೂಕ ಹೆಚ್ಚಾದಷ್ಟೂ ಹೋಗೋರು ಜಾಸ್ತಿ. ಕಥೆ ಹೇಳಿದವನ ಮೈಮೇಲೆ ಮಾತ್ರ ಒಂದು ಹನಿ ರಕ್ತ ಇಲ್ಲ, ಯಾಕಂದ್ರೆ ಶಾಪ ನೋಡಿ!

2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿಗಿಂತ ಮೇಲೆ. ಆ ವರ್ಷ ಫೀನಿಕ್ಸ್ ಇರೋ ನಮ್ಮ ಮ್ಯಾರಿಕೋಪಾ ಕೌಂಟಿ ಒಂದರಲ್ಲೇ ಬಿಸಿಲಿಗೆ ಸಂಬಂಧಪಟ್ಟ ಸಾವು 645. ಅವರಲ್ಲಿ ಎಷ್ಟು ಜನ ಬಡವರು, ಮನೆ ಇಲ್ಲದವರು! ಅವರ ಮೇಲೆ ಯಾವ ಡಚ್‌ಮನ್ ಶಾಪ ಹಾಕಿದ್ದ?

ಇನ್ನು ಭೂವಿಜ್ಞಾನದ ಮಾತು. ಸೂಪರ್‌ಸ್ಟಿಷನ್ ಬೆಟ್ಟಗಳು ಬಹುಪಾಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು, ಅಂಥ ಶ್ರೀಮಂತ ಅದಿರು ಇರೋ ಜಾಗವಲ್ಲ ಅಂತ ಭೂವಿಜ್ಞಾನಿಗಳು ಹೇಳ್ತಾ ಬಂದಿದ್ದಾರೆ. ಪಕ್ಕದ ಗೋಲ್ಡ್‌ಫೀಲ್ಡ್‌ನಲ್ಲಿ 1890ರ ದಶಕದಲ್ಲಿ ನಿಜವಾಗಿಯೂ ಚಿನ್ನ ತೆಗೆದರು. ಅದಿರು ಕೈಕೊಟ್ಟಿತು, ಊರು ಬರಿದಾಯ್ತು. ಅದಕ್ಕೆ ಯಾರೂ ಶಾಪ ಅನ್ನಲ್ಲ, ವ್ಯಾಪಾರ ಅಂತಾರೆ. ಇನ್ನೂ ತಮಾಷೆ ಕೇಳಿ: 1984ರಿಂದ ಆ ಕಾಡುಪ್ರದೇಶದಲ್ಲಿ ಹೊಸದಾಗಿ ಗಣಿ ಹಕ್ಕು ಹಾಕೋ ಹಾಗೇ ಇಲ್ಲ. ಅಂದರೆ ಪ್ರಾಣ ಪಣಕ್ಕಿಟ್ಟು ಹುಡುಕಿ, ಸಿಕ್ಕೇ ಬಿಟ್ಟರೂ ಅಗೆದು ಮನೆಗೆ ತರೋ ಹಾಗಿಲ್ಲ.

"ನಿಮ್ಮ ಕೋಲಾರದ ಚಿನ್ನವೂ ಮೊದಲು ಬರೀ ಕಥೆಯಾಗೇ ಇತ್ತಲ್ಲ?" ಅಂತ ಒಬ್ಬರು ಕೇಳೇ ಕೇಳ್ತೀರಿ. ಇತ್ತು. 1802ರಲ್ಲಿ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ವಾರನ್ ಕೇಳಿದ್ದು ಊರ ಜನರ ಮಾತೇ. ಆದರೆ ಆತ ಹಳ್ಳಿಯವರಿಂದಲೇ ಗಾಡಿಗಟ್ಟಲೆ ಮಣ್ಣು ತರಿಸಿ, ಕಣ್ಣೆದುರೇ ತೊಳೆಸಿ ನೋಡಿದ. ಮಣ್ಣು ತೊಳೆದು ನೋಡೋ ಕಥೆ ಬೇರೆ, ಹೆಣ ಎಣಿಸಿ ನಂಬೋ ಕಥೆ ಬೇರೆ. ಮುಗೀತು, ಆ ವಾದ ಪಕ್ಕಕ್ಕಿಡಿ.

ಹೇಗೂ ಕೋಲಾರ ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ, ಇದುವರೆಗೂ ಇಲ್ಲಿ ಬರೆದಿಲ್ಲ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ನೆಲದಡಿ ಮೂರು ಕಿಲೋಮೀಟರ್ ದಾಟಿದ ಗಣಿ ಅದು. ಕಲ್ಲಿನ ಧೂಳು ಎದೆಯೊಳಗೆ ಕೂತು, ಕೊನೆಗಾಲದಲ್ಲಿ ಮಲಗೋಕಾಗದೆ ಗೋಡೆಗೆ ಒರಗಿ ಕೂತೇ ರಾತ್ರಿ ಕಳೀತಿದ್ದರು. ಅವ್ವ ಪಕ್ಕದಲ್ಲಿ ಬಿಸಿನೀರಿನ ಚೊಂಬು ಇಟ್ಟುಕೊಂಡು ಕೂತಿರೋಳು. ನಮ್ಮ ಮನೆಯಲ್ಲಿ ಯಾರೂ ಅದನ್ನ ಚಿನ್ನದ ಶಾಪ ಅನ್ನಲಿಲ್ಲ. ಧೂಳು ಅಂದರು, ಕಂಪನಿ ಅಂದರು, ಪಿಂಚಣಿ ಇನ್ನೂ ಬಂದಿಲ್ಲ ಅಂದರು. ಅದಕ್ಕೇ ಇರಬೇಕು, ಗಣಿಯ ಸಾವಿಗೆ ಬೆರಗಿನ ಬಣ್ಣ ಬಳಿಯೋದು ಕಂಡರೆ ನನಗೆ ಮೈ ಉರಿಯುತ್ತೆ.

ಹಾಗಂತ ಕಥೆಗಳನ್ನೇ ದ್ವೇಷಿಸೋಳಲ್ಲ ನಾನು. ಕ್ಯಾಲಿಫೋರ್ನಿಯಾದ ಬೊರೆಗೊ ಮರುಭೂಮಿಯಲ್ಲಿ ಪೆಗ್‌ಲೆಗ್ ಸ್ಮಿತ್ ಅನ್ನೋ ಮರಗಾಲಿನವನ ಕಳೆದುಹೋದ ಚಿನ್ನದ ಕಥೆ ಇದೆ. ಕಪ್ಪು ಬಣ್ಣ ಹತ್ತಿದ ಚಿನ್ನದ ಗಟ್ಟಿಗಳಂತೆ. ಅಲ್ಲಿನ ಜನ ಏನು ಮಾಡಿದ್ದಾರೆ ನೋಡಿ: ಒಂದು ಕಲ್ಲಿನ ಗುಡ್ಡೆ, ಪಕ್ಕದಲ್ಲಿ ಫಲಕ. ಆ ಚಿನ್ನ ಹುಡುಕೋರು ಮೊದಲು ಈ ಗುಡ್ಡೆಗೆ ಹತ್ತು ಕಲ್ಲು ಹಾಕಿ ಹೋಗಬೇಕಂತೆ. ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ಬೆಂಕಿ ಹಾಕಿಕೊಂಡು ಸುಳ್ಳು ಹೇಳೋ ಸ್ಪರ್ಧೆ ನಡೆಸ್ತಾರೆ. ಎಲ್ಲರಿಗೂ ಗೊತ್ತು ಸುಳ್ಳು ಅಂತ, ಎಲ್ಲರೂ ನಗ್ತಾರೆ, ಮನೆಗೆ ಹೋಗ್ತಾರೆ. ಇದಪ್ಪ ಮರ್ಯಾದೆ!

ಸೂಪರ್‌ಸ್ಟಿಷನ್‌ಗೆ ಬರೋದೇ ಆದರೆ ಜನವರಿಯಲ್ಲಿ ಬನ್ನಿ. ಒಬ್ಬರಿಗೆ ಕಡಿಮೆ ಅಂದರೆ ಮೂರು ಲೀಟರ್ ನೀರು, ಕಾಲಿಗೆ ಶೂ, ಜೇಬಲ್ಲಿ ಒಂದು ಬಾಚಣಿಗೆ. ಚೋಯಾ ಕಳ್ಳಿ ಕಾಲಿಗೆ ಹತ್ತಿದರೆ ಕೈಯಲ್ಲಿ ಕೀಳೋಕೆ ಹೋದೀರಿ, ಬೆರಳಿಗೂ ಹತ್ತುತ್ತೆ. ಬಾಚಣಿಗೆಯ ಹಲ್ಲು ತೂರಿಸಿ ಎಗರಿಸಬೇಕು. ನಾನೇ ಕರ್ಕೊಂಡು ಹೋಗಿ ನೀಡಲ್ ತೋರಿಸ್ತೀನಿ, ತಿಂಡಿ ಕಟ್ಟಿಕೊಂಡು ಬರೋದು ನಿಮ್ಮ ಜವಾಬ್ದಾರಿ.

ಏಪ್ರಿಲ್‌ಗೆ ಬೊರೆಗೊಗೆ ಯಾರ್ಯಾರು ಬರ್ತೀರಾ, ಕೆಳಗೆ ಹೆಸರು ಹಾಕಿ. ಸ್ಪರ್ಧೆಗೆ ನಾನೂ ನಿಲ್ತೀನಿ. ಚಿನ್ನದ ವಿಷಯದಲ್ಲಿ ಸುಳ್ಳು ಹೇಳೋದನ್ನ ಕೋಲಾರದ ಕಡೆಯೋಳಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.